ಅಡುಗೆಮನೆಯ ಆಚೆ ದಡ

ಕಾಗದದಲ್ಲಿ ಅವಳ ಹೆಸರು ಬ್ಯಾಲಿನೋ ಥಂಡರ್.
ಗುಡುಗು ಅಂತ ಹೆಸರು ಹೊತ್ತು ಬಂದವಳು
ನನ್ನ ಫ್ರಿಜ್ಜು ಗುಂಯ್ ಎಂದರೆ ಸಾಕು,
ಸೋಫಾದ ಹಿಂದೆ ಹೋಗಿ
ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು,
ಲೆಕ್ಕ ತಪ್ಪಿದ ಹುಡುಗಿಯನ್ನು
ಮೇಷ್ಟ್ರು ಮೂಲೆಗೆ ನಿಲ್ಲಿಸಿದ ಹಾಗೆ.

ನಾಲ್ಕು ವರ್ಷ ಪಂದ್ಯದ ಮರಳಲ್ಲಿ ಓಡಿದ ಕಾಲು.
ಮರಳು ಗೊತ್ತು, ಒದ್ದೆ ಹುಲ್ಲು ಗೊತ್ತು,
ಕಬ್ಬಿಣದ ಪೆಟ್ಟಿಗೆಯ ಬಾಗಿಲು ಫಟ್ಟನೆ ಮೇಲೇಳುವುದು ಗೊತ್ತು.
ಲಿನೋಲಿಯಂ ಗೊತ್ತಿಲ್ಲ. ಕನ್ನಡಿ ಗೊತ್ತಿಲ್ಲ.
ಮನೆ ಅಂದರೇನೆಂದೇ ಗೊತ್ತಿಲ್ಲ.
ಕಿವಿಯೊಳಗೆ ಹಸಿರು ಶಾಯಿಯ ಮೂರು ಅಕ್ಷರ,
ಯಾರೋ ತಮ್ಮ ಗೋಣಿಗೆ ಗುರುತು ಹಾಕಿದಂತೆ.

ನಾನು ಪೆಗ್ ಅಂದೆ.
ಚಿಕ್ಕ ಹೆಸರು, ಹೊರಲು ಹಗುರ.

ಮೊದಲ ದಿನ, ಒಪ್ಪಿಕೊಳ್ಳುತ್ತೇನೆ,
ಪಕ್ಕದ ಮನೆಯ ಟೂಮಿಯ ಮಾತು ಕೇಳಿದೆ:
"ಒಂದ್ಸಲ ಎಳೆದು ದಾಟಿಸಿಬಿಡು ಡಿಂಪ್ನಾ,
ಆಮೇಲೆ ತಾನೇ ಸರಿಹೋಗುತ್ತೆ."
ಎಳೆದೆ.
ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಜಾರಿ
ಗಾಳಿಗೆ ಮುರಿದ ಕೊಡೆಯ ಹಾಗೆ ನೆಲಕ್ಕೆ ಬಿದ್ದಳು.
ಬಿಸಿ ಉಚ್ಚೆ ನನ್ನ ಚಪ್ಪಲಿಯವರೆಗೂ ಹರಿದು ಬಂತು.
ಕೋಪದಿಂದ ನೋಡಿದ್ದರೆ ತಡೆದುಕೊಳ್ಳಬಹುದಿತ್ತು.
ಕ್ಷಮಿಸು ಅನ್ನುವ ಹಾಗೆ ನೋಡಿದಳು.

ಮರುದಿನ ಬಂದರಿನ ಅಂಗಡಿಯಲ್ಲಿ ಎಂಟು ರಬ್ಬರು ಚಾಪೆ ಕೊಂಡೆ.
ಕುರಿಯ ಈಲಿ ಬೇಯಿಸಿ ಉಗುರಿನಷ್ಟುದ್ದ ಕೊಯ್ದೆ.
ಮೊದಲ ಚಾಪೆಯನ್ನು ಹಾಲಿನ ಜಮಖಾನಕ್ಕೆ ತಾಗಿಸಿ ಹಾಸಿ
ಅಂಚಿಗೊಂದು ತುಣುಕಿಟ್ಟು
ಕುರ್ಚಿಯಲ್ಲಿ ಬೆನ್ನು ತಿರುಗಿಸಿ ಕೂತೆ.
ಕರೆಯಲಿಲ್ಲ.
ಬಾ ಅನ್ನುವುದೂ ಒಂದು ಹಗ್ಗವೇ.

ಕುತ್ತಿಗೆ ಚಾಚುವುದಕ್ಕೆ ಮೂರು ದಿನ.
ಆಮೇಲೆ ಒಂದು ಕಾಲು. ಮತ್ತೆ ಹಿಂದಕ್ಕೆ.
ಹಿಂದಕ್ಕೆ ಹೋದಾಗಲೂ ತುಣುಕು ಕೊಟ್ಟೆ.
ಟೂಮಿ ನಕ್ಕ: "ಹೆದರಿಕೆಗೂ ಸಂಬಳ ಕೊಡ್ತೀಯಾ?"
ಬೇಡ ಅನ್ನಬಹುದೆಂದು ತಿಳಿದವಳಲ್ಲವೇ
ಒಂದು ದಿನ ಹೂಂ ಅನ್ನುವುದು?
ಅವನಿಗೆ ಇದನ್ನು ಹೇಳಲಿಲ್ಲ,
ಟೀ ಕೊಟ್ಟು ಕಳಿಸಿದೆ.

ಚಾಪೆಗಳು ಗೇಣು ಗೇಣು ಮುಂದೆ ಹೋದವು.
ನಡುವೆ ನೆಲ ಕಾಣತೊಡಗಿತು: ಎರಡು ಬೆರಳು, ನಾಲ್ಕು ಬೆರಳು.
ನವೆಂಬರ್. ಕೋವ್ ಊರಿನ ದೀಪಗಳು
ನಾಲ್ಕೂವರೆಗೇ ನೀರಿಗೆ ಇಳಿಯುವ ಕಾಲ.
ಗುಡ್ಡದ ಮೇಲಿನ ಗಂಟೆ ಬಾರಿಸಿತೆಂದರೆ ಅವತ್ತಿನ ಪಾಠ ಮುಗಿಯಿತು.
ಚಮಚವನ್ನು ಟವಲಿನ ಮೇಲೆ ಬೀಳಿಸಿ ಒಂದು ತುಣುಕು.
ಟವಲಿನ ಒಂದು ಮಡಿಕೆ ಬಿಡಿಸಿ, ಬೀಳಿಸಿ, ಒಂದು ತುಣುಕು.
ಸದ್ದಿಗೂ ರುಚಿಗೂ ನೆಂಟಸ್ತನ ಬೆಳೆಸುವ ಕೆಲಸ;
ಯಾವ ನೆಂಟಸ್ತನವೂ ಅವಸರಕ್ಕೆ ಕುದುರುವುದಿಲ್ಲ.

ನಲವತ್ತೊಂದನೇ ದಿನ ಕೈಜಾರಿ ದೊಡ್ಡ ಬಾಣಲೆಯೇ ಬಿತ್ತು,
ಜೊತೆಗೆ ಮುಚ್ಚಳ.
ತಿರುಗಿ ನೋಡಿದರೆ ಪೆಗ್ ಇಲ್ಲ.
ಎಲ್ಲ ಹಾಳಾಯಿತು ಅಂದುಕೊಂಡು
ನೆಲದ ಮೇಲೇ ಕುಕ್ಕರಿಸಿ ಎಣಿಸತೊಡಗಿದೆ, ಏಕೋ ಗೊತ್ತಿಲ್ಲ.
ನೂರಾ ಹನ್ನೆರಡಕ್ಕೆ
ಬಾಗಿಲ ಸಂದಿಯಲ್ಲಿ ಒಂದು ಮೂಗು.
ಬಹಳ ಹೊತ್ತು ಬರೀ ಮೂಗು.
ಅದರ ಹಿಂದೆ, ಕೊನೆಗೂ, ನಾಯಿ.
ಬಂದವಳು ಬಾಣಲೆಯ ಹಿಡಿ ಮೂಸಿದಳು,
ಇಷ್ಟೇನಾ ಅಂದ ಹಾಗೆ.

ಮೆಟ್ಟಿಲು ಇನ್ನೂ ಆಗಿಲ್ಲ.
ಟೂಮಿಯ ಟೊಪ್ಪಿ ಈಗಲೂ ಆಗುವುದಿಲ್ಲ.
ಬಂದರಲ್ಲಿ ದೊಡ್ಡ ಹಡಗು ಕೂಗಿದರೆ
ಇಬ್ಬರೂ ಸೋಫಾದ ಹಿಂದೆ;
ನಾನು ಅವಳಿಗೆ ಜೊತೆಯಾಗಿ, ಅಷ್ಟೆ.

ನಿನ್ನೆ ರಾತ್ರಿ ನೀರಿಗೆಂದು ಇಳಿದು ಬಂದೆ.
ಚಾಪೆಗಳೆಲ್ಲ ತೊಳೆಸಿಕೊಂಡು ಹೊರಗೆ ಹಗ್ಗದ ಮೇಲೆ.
ಬರೀ ನೆಲ, ಬೀದಿದೀಪದ ಬೆಳಕಿಗೆ ಹೊಳೆಯುವ ನೆಲ.
ಅದರ ಆಚೆ ದಡದಲ್ಲಿ
ಮುಂಗಾಲೆರಡನ್ನೂ ಮೇಜಿನ ಮೇಲೂರಿ
ಪೆಗ್ ಬೆಣ್ಣೆ ತಿನ್ನುತ್ತಿದ್ದಳು.

ಬೈಯಬೇಕಿತ್ತು.
ಮೂರನೇ ಮೆಟ್ಟಿಲ ಮೇಲೆ ಉಸಿರು ಹಿಡಿದು ಕೂತೆ.
ಫ್ರಿಜ್ಜು ಗುಂಯ್ ಎಂದಿತು.
ಒಂದು ಕಿವಿ ಅತ್ತ ತಿರುಗಿತು.
ನಾಲಿಗೆ ನಿಲ್ಲಲಿಲ್ಲ.